ಹಳೇ ಸ್ಪೋರ್ಟಿ ವ್ಯಾಗನ್ ತಂದ ಮೇಲೆ ಹತ್ತು ವರ್ಷ ಓಡಿಸುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಟರ್ಬೊ ವ್ಯಾಗನ್ (ಮುಂದೆ ಜೋರು ಎಂಜಿನ್, ಹಿಂದೆ ಛಾವಣಿಯವರೆಗೂ ಸಾಮಾನು ಹಿಡಿಸುವ ಉದ್ದ ಕಾರು) ತಂದವರು ಮೊದಲ ತಿಂಗಳು ಎಲ್ಲಿ ದುಡ್ಡು ಸುರಿಯುತ್ತಾರೆ ಗೊತ್ತಾ? ಅಗಲದ ಚಕ್ರ, ಗುಡುಗುವ ಸೈಲೆನ್ಸರ್, ಶಕ್ತಿ ಏರಿಸುವ ಎಂಜಿನ್ ಟ್ಯೂನಿಂಗ್. ಆರು ತಿಂಗಳಲ್ಲಿ ಗಾಡಿ ಶೆಡ್ಡು ಸೇರುತ್ತದೆ. "ಹಳೇ ಗಾಡಿ ಅಲ್ವಾ, ಇಷ್ಟೇ" ಅಂತ ಗಾಡಿಯನ್ನೇ ಬೈಯುತ್ತಾರೆ. ನನ್ನ ಪರಿಚಯದವರ ಮೂರು ಗಾಡಿ ಹೀಗೆ ಗುಜರಿಗೆ ಹೋದವು. ಅವುಗಳಲ್ಲಿ ಎರಡು ಹೋಗಿದ್ದು ಕೂಲಂಟ್ (ಎಂಜಿನ್ನಿನ ಬಿಸಿ ಹೀರುವ ದ್ರವ) ತುಂಬುವಾಗ ಆದ ಎಡವಟ್ಟಿನಿಂದ. ಈ ಲೇಖನದಲ್ಲಿ ಕೂಲಂಟ್ ಕಥೆಯೇ ಜಾಸ್ತಿ ಇರುವುದು ಅದಕ್ಕೇ.

ಸ್ಪೋರ್ಟಿ ವ್ಯಾಗನ್ ಅಂದರೆ ಎರಡು ಗಾಡಿಯ ದುಡಿಮೆ ಒಂದೇ ಮೈಯಲ್ಲಿ ಮಾಡಿ ಬಂದಿರುವ ಪ್ರಾಣಿ. ಔಡಿಯವರು ಪೋರ್ಷೆ ಜೊತೆ ಸೇರಿ 1994ರಲ್ಲಿ ಆರ್‌ಎಸ್2 ಅವಾಂಟ್ ತಂದಾಗ ಅದರಲ್ಲಿದ್ದದ್ದು 2.2 ಲೀಟರಿನ ಐದು ಸಿಲಿಂಡರ್ ಟರ್ಬೊ ಎಂಜಿನ್, 315 ಅಶ್ವಶಕ್ತಿ. ಹಿಂದೆ ಮಾತ್ರ ಸಾಮಾನು ತುಂಬುವ ದೊಡ್ಡ ಡಿಕ್ಕಿ. ಅದೇ ವರ್ಷ ವೋಲ್ವೊ ತನ್ನ 850 ಎಸ್ಟೇಟನ್ನು (ಎಸ್ಟೇಟ್ ಅಂದರೂ ವ್ಯಾಗನ್ನೇ) ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೇ ಇಳಿಸಿತು. ಆಮೇಲೆ ಬಂದ ಇಂಥ ಗಾಡಿಗಳನ್ನೆಲ್ಲ ಜನ ಹೀಗೇ ಬಳಸಿದ್ದಾರೆ. ವಾರವಿಡೀ ಹೊರೆ, ಭಾನುವಾರ ಓಟ. ನಿಮ್ಮ ಕೈಗೆ ಬರುವ ಹೊತ್ತಿಗೆ ಅದರ ಹಿಂಬದಿ ಕುಸಿದಿರುತ್ತದೆ, ಮುಂಬದಿ ಬೆಂದಿರುತ್ತದೆ. ಮೊದಲ ಮೂರು ತಿಂಗಳು ಇವೆರಡನ್ನೂ ಸರಿಮಾಡಿ. ಅಲ್ಲಿಯವರೆಗೆ ಗಾಡಿಗೆ ಒಂದು ಸ್ಟಿಕ್ಕರ್ ಕೂಡ ಅಂಟಿಸಬೇಡಿ.

ಹೆಜ್ಜೆ 1: ಬಿಲ್ಲು ಇಲ್ಲದಿದ್ದರೆ ಕೆಲಸ ಆಗಿಲ್ಲ

ಒಂದು ನೋಟ್‌ಬುಕ್ ಇಡಿ. ತಾರೀಖು, ಕಿಲೋಮೀಟರ್, ಏನು ಬದಲಿಸಿದಿರಿ, ಇಷ್ಟು ಬರೆದರೆ ಸಾಕು. ಹಿಂದಿನ ಓನರ್ "ಹೋದ ವರ್ಷವೇ ಮಾಡಿಸಿದೆ" ಅಂದರೆ ಬಿಲ್ಲು ಕೇಳಿ. ಬಿಲ್ಲು ಕೊಡದಿದ್ದರೆ ಆ ಕೆಲಸ ಆಗಿಲ್ಲ ಅಂತಲೇ ಲೆಕ್ಕ.

ಹೆಜ್ಜೆ 2: ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್

ಮ್ಯಾನ್ಯುಯಲ್‌ನಲ್ಲಿರುವ ಗ್ರೇಡನ್ನೇ ಹಾಕಿ. ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ಶಕ್ತಿ ಏರಿಸುವ ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಅದನ್ನು ಉಳಿಸುವುದು ತೆಳ್ಳನೆಯ ಒಂದು ಆಯಿಲ್ ಪದರ. ಮೂವತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ ಬದಲಿಸಿದರೆ ಸಾಕು ಅನ್ನುವ ಮಾತು ಹೊಸ ಗಾಡಿಯವರಿಗೆ ಇರಲಿ. ನನ್ನದು 8,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೆ ಬದಲಿಸಿ. ಆಯಿಲ್ ಬದಲಿಸುವ ಮೊದಲು ಸುರಿಯುವ "ಎಂಜಿನ್ ಫ್ಲಶ್" ಬಾಟಲಿಯನ್ನು ಮಾತ್ರ ಹಳೇ ಟರ್ಬೊ ಗಾಡಿಯ ಹತ್ತಿರ ತರಬೇಡಿ. ಅದು ಕಿತ್ತ ಕೊಳೆ ಹೋಗಿ ಕೂರುವುದು ಅತಿ ಸಣ್ಣ ಆಯಿಲ್ ದಾರಿಯಲ್ಲೇ.

ಹೆಜ್ಜೆ 3: ಟೈಮಿಂಗ್ ಬೆಲ್ಟ್

ಪಿಸ್ಟನ್ ಮತ್ತು ವಾಲ್ವುಗಳ ತಾಳ ಹೊಂದಿಸುವ ಈ ಬೆಲ್ಟ್ ಇರುವ ಎಂಜಿನ್ ಆದರೆ ಬದಲಿಸಿಬಿಡಿ. ಜೊತೆಗೆ ವಾಟರ್ ಪಂಪ್, ಟೆನ್ಷನರ್, ಪುಲ್ಲಿಗಳು. ಕಿಲೋಮೀಟರ್ ಕಡಿಮೆ ಅಂತ ಬಿಡಬೇಡಿ, ರಬ್ಬರಿಗೆ ವಯಸ್ಸೂ ಆಗುತ್ತದೆ. ಬೆಲ್ಟ್ ಹರಿದರೆ ಇಂಥ ಹೆಚ್ಚಿನ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಈ ಕೆಲಸ ಮನೆಯಲ್ಲಿ ಬೇಡ, ಗೊತ್ತಿರುವವರಿಗೆ ಕೊಡಿ.

ಹೆಜ್ಜೆ 4: ಕೂಲಂಟ್ ತೆಗೆದು ತುಂಬುವುದು

"ನೀರು ಬದಲಿಸುವುದು ತಾನೇ" ಅಂತ ಎಲ್ಲರೂ ಹಗುರ ಮಾಡುವ ಕೆಲಸ ಇದು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಗ್ಯಾರೇಜಿನಲ್ಲಿ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು. ಮಾರನೇ ದಿನದಿಂದ ಡ್ಯಾಶ್‌ಬೋರ್ಡ್ ಹಿಂದೆ ಸಣ್ಣಗೆ ಗುಳುಗುಳು ಸದ್ದು, ಚೊಂಬಿನಿಂದ ನೀರು ಬಗ್ಗಿಸಿದ ಹಾಗೆ. ನಾಲ್ಕು ದಿನ ಸುಮ್ನೆ ಬಿಟ್ಟೆ. ಐದನೇ ದಿನ ಗಾಡಿ ತುಂಬಾ ಸಾಮಾನು ಹೇರಿಕೊಂಡು ಏರು ಹತ್ತುವಾಗ ಹೀಟರ್ ಇದ್ದಕ್ಕಿದ್ದಂತೆ ತಣ್ಣಗಿನ ಗಾಳಿ ಊದಿತು. ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇತ್ತು. ಎರಡು ನಿಮಿಷ ಕಳೆದಿರಲಿಲ್ಲ, ಸರ್ರನೆ ಕೆಂಪಿಗೆ ಹಾರಿತು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಸಿಲಿಂಡರ್ ಹೆಡ್ಡಿಗೂ ನಡುವಿನ ಸೀಲು) ಹೋಗಿತ್ತು.

ಆಗಿದ್ದು ಇಷ್ಟೇ: ಒಳಗೆ ಗಾಳಿ ಉಳಿದುಬಿಟ್ಟಿತ್ತು. ಗಾಳಿ ಎತ್ತರದ ಜಾಗ ಹುಡುಕುತ್ತದೆ. ಹೀಟರಿನ ಸಣ್ಣ ರೇಡಿಯೇಟರ್, ಸಿಲಿಂಡರ್ ಹೆಡ್ಡು, ಟರ್ಬೊಗೆ ಹೋಗುವ ಪೈಪು, ಇಲ್ಲೆಲ್ಲ ಸೇರಿಕೊಳ್ಳುತ್ತದೆ. ಸೆನ್ಸರ್ ಇರುವ ಜಾಗದಲ್ಲೇ ಗಾಳಿ ನಿಂತರೆ ಅದು ಅಳೆಯುವುದು ಕೂಲಂಟಿನ ಬಿಸಿಯನ್ನಲ್ಲ. ಸಾಲದ್ದಕ್ಕೆ ಎಷ್ಟೋ ಗಾಡಿಗಳಲ್ಲಿ ಮುಳ್ಳು ಸುಮಾರು ಬಿಸಿಯವರೆಗೂ ನಡುವಿನಲ್ಲೇ ಕೂರುವ ಹಾಗೆ ಕಂಪನಿಯವರೇ ಮಾಡಿರುತ್ತಾರೆ. ಅದು ಅಲುಗಾಡಿತು ಅಂದರೆ ಆಗಲೇ ತಡವಾಗಿದೆ. ಅದಕ್ಕೇ ಒಂದು ಓಬಿಡಿ ರೀಡರ್ (ಗಾಡಿಯ ಕಂಪ್ಯೂಟರಿಗೆ ಚುಚ್ಚಿ ಓದುವ ಉಪಕರಣ) ತಗೊಳ್ಳಿ, ಮುಳ್ಳು ಮುಚ್ಚಿಡುವ ಡಿಗ್ರಿಯನ್ನು, ಸೆನ್ಸರ್ ಅಳೆದಷ್ಟನ್ನೇ, ಅದು ತೋರಿಸುತ್ತದೆ.

ಈಗ ಕೆಲಸಕ್ಕೆ ಬರೋಣ. ಗಾಡಿ ಇಡೀ ರಾತ್ರಿ ನಿಂತಿರಬೇಕು. ಬಿಸಿ ಎಂಜಿನ್‌ನ ಕ್ಯಾಪ್ ತೆರೆದರೆ ಒತ್ತಡದಲ್ಲಿರುವ ಕುದಿನೀರು ಸೀದಾ ಮುಖಕ್ಕೆ ಚಿಮ್ಮುತ್ತದೆ. ಕೆಳಗೆ ಅಗಲದ ಟಬ್ ಇಟ್ಟು ರೇಡಿಯೇಟರ್ ಡ್ರೈನ್ ಬಿಚ್ಚಿ. ಹಳೇ ಕೂಲಂಟ್ ನೆಲಕ್ಕೆ ಬಿಡಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ನೆಕ್ಕಿದರೆ ಸಾಯುತ್ತವೆ.

ಡ್ರೈನ್ ಬಿಚ್ಚಿದರೆ ಎಲ್ಲ ಖಾಲಿ ಆಗುವುದಿಲ್ಲ. ಎಂಜಿನ್ ಬ್ಲಾಕಿನಲ್ಲಿ ಸುಮಾರು ಉಳಿಯುತ್ತದೆ. ಹಾಗಾಗಿ ಡಿಸ್ಟಿಲ್ಡ್ ವಾಟರ್ ತುಂಬಿ, ಬಿಸಿ ಮಾಡಿ, ತಣಿಸಿ, ಮತ್ತೆ ತೆಗೆಯಬೇಕು. ಹೊರಗೆ ಬರುವುದು ತಿಳಿಯಾಗುವವರೆಗೆ ಎರಡು ಮೂರು ಸಲ. ನಲ್ಲಿ ನೀರು ಬೇಡ, ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರಿನಲ್ಲೂ ಕಟ್ಟುತ್ತದೆ.

ಲೆಕ್ಕ ತಪ್ಪುವುದು ಇಲ್ಲೇ. ನಿಮ್ಮ ಗಾಡಿಗೆ ಒಟ್ಟು 8 ಲೀಟರ್ ಹಿಡಿಸುತ್ತದೆ ಅಂದುಕೊಳ್ಳಿ. ತೊಳೆದ ಮೇಲೆ ಒಳಗೆ 3 ಲೀಟರ್ ಬರೀ ನೀರು ಉಳಿದಿದೆ. ನೀವು ಅರ್ಧಕ್ಕರ್ಧ ಬೆರೆಸಿದ ರೆಡಿಮೇಡ್ ಕೂಲಂಟ್ 5 ಲೀಟರ್ ಸುರಿದರೆ ಅದರಲ್ಲಿ ಅಸಲು ಇರುವುದು ಎರಡೂವರೆ ಲೀಟರ್. ಎಂಟಕ್ಕೆ ಎರಡೂವರೆ ಅಂದರೆ ಶೇ 31. ನಿಮಗೆ ಬೇಕಿದ್ದದ್ದು ಶೇ 50. ಆದ್ದರಿಂದ ನೀರು ಬೆರೆಸದ ಗಟ್ಟಿ ಕೂಲಂಟ್ ತನ್ನಿ. ಮೊದಲು ಅದನ್ನೇ 4 ಲೀಟರ್ ಹಾಕಿ, ಮಿಕ್ಕ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಗುಲಾಬಿ, ನೀಲಿ ಎಲ್ಲ ಕಂಪನಿಯವರ ಇಷ್ಟ. ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಸ್ಪೆಸಿಫಿಕೇಷನ್ ಡಬ್ಬಿ ಮೇಲೂ ಇರಬೇಕು. ಹೊಂದದ ಎರಡು ಬಗೆ ಬೆರೆತರೆ ಒಳಗೆ ಗಂಜಿಯಂತೆ ಗಟ್ಟಿಯಾಗಬಹುದು.

ತುಂಬುವ ಮೊದಲು ಗಾಡಿಯ ಮೂತಿ ಮೇಲೆ ಮಾಡಿ. ರ‍್ಯಾಂಪ್ ಇದ್ದರೆ ಸರಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಮುಂಭಾಗ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಸಣ್ಣದಾಗಿ ಇಡಿ. ಎಷ್ಟೋ ಗಾಡಿಗಳಲ್ಲಿ ಪೈಪುಗಳ ಎತ್ತರದ ಜಾಗದಲ್ಲಿ ಗಾಳಿ ಬಿಡುವ ಪುಟ್ಟ ಸ್ಕ್ರೂ ಇರುತ್ತದೆ. ಒಂದೇ ಇದೆ ಅಂದುಕೊಂಡು ನಿಲ್ಲಿಸಬೇಡಿ, ಕೆಲವು ಗಾಡಿಗಳಲ್ಲಿ ಎರಡು ಮೂರು ಇರುತ್ತವೆ. ಸ್ಕ್ರೂ ಸಡಿಲಿಸಿ, ನಿಧಾನಕ್ಕೆ ಹಾಕುತ್ತಾ ಹೋಗಿ. ಸ್ಕ್ರೂ ಬಾಯಲ್ಲಿ ಮೊದಲು ಬುಸ್ ಬುಸ್ ಅನ್ನುತ್ತದೆ, ಆಮೇಲೆ ನೊರೆ, ಆಮೇಲೆ ಒಂದೇ ಸಮನೆ ಸಣ್ಣ ಧಾರೆ. ಧಾರೆ ಬಂದ ಮೇಲೆ ಮುಚ್ಚಿ. ಅದು ಪ್ಲಾಸ್ಟಿಕ್ಕು, ಹಳತಾಗಿ ಬಿಸ್ಕತ್ತಿನಂತಾಗಿರುತ್ತದೆ, ಬೆರಳಿನ ಜೋರು ಸಾಕು. ಮೇಲಿನ ದಪ್ಪ ಹೋಸನ್ನು ಕೈಯಲ್ಲಿ ಹಿಚುಕಿ ಬಿಡಿ, ಹಿಚುಕಿ ಬಿಡಿ. ಪ್ರತಿ ಹಿಚುಕಿಗೂ ಗುಳ್ಳೆ ಬರುತ್ತಲೇ ಇರುತ್ತದೆ. ಬರುವುದು ನಿಲ್ಲುವವರೆಗೆ ಬೇಸರ ಮಾಡಬೇಡಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ. ಕ್ಯಾಪ್ ತೆರೆದೇ ಇರಲಿ, ಅದರ ಬಾಯಿಗೆ ಬಿಗಿಯಾಗಿ ಕೂರುವ ಫನಲ್ ಇದ್ದರೆ ಒಳ್ಳೆಯದು. ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿ ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ತೆರೆಯುತ್ತದೆ. ತೆರೆದದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಫನಲ್‌ನಲ್ಲಿದ್ದ ಕೂಲಂಟ್ ಒಮ್ಮೆಗೇ ಗುಟುಕ್ಕಂತ ಕೆಳಗಿಳಿಯುತ್ತದೆ. ತಕ್ಷಣ ಮತ್ತೆ ಹಾಕಿ. ಹೆಚ್ಚಿನವರು ಥರ್ಮೋಸ್ಟಾಟ್ ತೆರೆಯುವ ಮೊದಲೇ ಕ್ಯಾಪ್ ಮುಚ್ಚಿ ಕೈ ಒರೆಸಿಕೊಂಡು ಹೋಗುತ್ತಾರೆ. ನನ್ನ ಗಾಡಿಗೆ ಆಗಿದ್ದೂ ಅದೇ. ರೇಡಿಯೇಟರ್ ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಕಾಯಿರಿ. ನಡುನಡುವೆ ಎಂಜಿನನ್ನು ಎರಡು ಸಾವಿರ ಆರ್‌ಪಿಎಂನಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ. ಕೊನೆಗೆ ಒಳಗೆ ಕೂತು ಹೀಟರ್ ಗಾಳಿಗೆ ಕೈ ಒಡ್ಡಿ. ಐಡಲಿಂಗ್‌ನಲ್ಲೂ ಚೆನ್ನಾಗಿ ಬಿಸಿ ಬರಬೇಕು. ಎಕ್ಸಿಲೇಟರ್ ಒತ್ತಿದಾಗ ಮಾತ್ರ ಬಿಸಿ, ಬಿಟ್ಟಾಗ ತಣ್ಣಗೆ ಅಂದರೆ ಗಾಳಿ ಇನ್ನೂ ಇದೆ ಅಂತ ಅರ್ಥ.

ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಲೆವೆಲ್ ನೋಡಿ. ಇಳಿದಿರುತ್ತದೆ, ಹಾಕಿ. ಮೂರು ಬೆಳಿಗ್ಗೆ ಹೀಗೇ ಮಾಡಿ. ಗುಳ್ಳೆ ನಿಲ್ಲುವುದೇ ಇಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ ಸಂಶಯಪಡಿ. ಅದಕ್ಕೊಂದು ನೀಲಿ ದ್ರವದ ಪರೀಕ್ಷೆ ಇದೆ. ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ಆ ದ್ರವ ಹಳದಿಗೆ ತಿರುಗುತ್ತದೆ. ಕ್ಯಾಪನ್ನೂ ಹೊಸದು ಹಾಕಿ. ಒತ್ತಡ ಹಿಡಿದು ಕುದಿಯುವ ಮಟ್ಟ ಏರಿಸುವುದು ಅದರ ಕೆಲಸ, ಸ್ಪ್ರಿಂಗ್ ಸೋತರೆ ಕೂಲಂಟ್ ಬೇಗ ಕುದಿಯುತ್ತದೆ.

ಇದಕ್ಕೆ ಒಂದೇ ಒಂದು ಒಳ್ಳೆಯ ಅಡ್ಡದಾರಿ ಇದೆ: ವ್ಯಾಕ್ಯೂಮ್ ಹಾಕಿ ತುಂಬುವ ಉಪಕರಣ. ಕಂಪ್ರೆಸರ್ ಇರುವ ಗ್ಯಾರೇಜಿನಲ್ಲಿ ಇರುತ್ತದೆ. ಮೊದಲೇ ಗಾಳಿ ಹೊರಗೆಳೆದು ಕೂಲಂಟ್ ಒಳಗೆಳೆಯುತ್ತದೆ. ಒಂದು ಕೆಟ್ಟ ಅಡ್ಡದಾರಿಯೂ ಇದೆ: ಸೋರಿಕೆ ನಿಲ್ಲಿಸುವ ಪುಡಿ, ದ್ರವ, "ಸ್ಟಾಪ್ ಲೀಕ್". ಸೋರುವ ತೂತಿಗೂ ಹೀಟರಿನ ಸಣ್ಣ ಕೊಳವೆಗೂ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ. ನಾನು ಬಿಚ್ಚಿದ ಒಂದು ಹೀಟರಿನಲ್ಲಿ ಕಂದು ಬಣ್ಣದ ಮೆತ್ತನೆ ಕೆಸರು ತುಂಬಿತ್ತು, ಹುಣಸೆಹಣ್ಣು ಕಿವುಚಿಟ್ಟ ಹಾಗೆ.

ಹೆಜ್ಜೆ 5: ಕುಸಿದ ಹಿಂಬದಿ

ಶಾಕ್ ಅಬ್ಸಾರ್ಬರ್ ಬದಲಿಸುವ ಮೊದಲು ಯಾವ ಬಗೆ ಇದೆ ಅಂತ ಬಗ್ಗಿ ನೋಡಿ. ವೋಲ್ವೊ ಸೇರಿ ಕೆಲವು ವ್ಯಾಗನ್‌ಗಳ ಹಿಂದೆ ನಿವೋಮ್ಯಾಟ್ ಅನ್ನುವ ದಪ್ಪನೆಯ ಶಾಕ್ ಇರಬಹುದು. ಹೊರೆ ಹಾಕಿ ಸ್ವಲ್ಪ ದೂರ ಓಡಿಸಿದರೆ ಅದು ರಸ್ತೆಯ ಕುಲುಕಾಟದಲ್ಲೇ ತನ್ನನ್ನು ತಾನೇ ಪಂಪ್ ಮಾಡಿಕೊಂಡು ಹಿಂಬದಿ ಎತ್ತುತ್ತದೆ. ಅದೂ ಭಾರ ಹೊರುವುದರಿಂದ ಜೊತೆಗಿರುವ ಸ್ಪ್ರಿಂಗ್ ಮೆತ್ತಗಿರುತ್ತದೆ. ಬೆಲೆ ನೋಡಿ ಹೌಹಾರಿ ಮಾಮೂಲಿ ಶಾಕ್ ಹಾಕಿಸಿದರೆ ಗಾಡಿ ಹಿಂದಕ್ಕೆ ಕೂತುಬಿಡುತ್ತದೆ. ಮಾಮೂಲಿ ಶಾಕೇ ಬೇಕಾದರೆ ಸ್ಪ್ರಿಂಗನ್ನೂ ಗಟ್ಟಿಯದಕ್ಕೆ ಬದಲಿಸಿ.

ಬಿಎಂಡಬ್ಲ್ಯು ಇ61 ಟೂರಿಂಗ್ (5 ಸೀರೀಸ್ ವ್ಯಾಗನ್) ನಂಥವುಗಳ ಹಿಂದೆ ಗಾಳಿಚೀಲ ಇರುತ್ತದೆ. ರಾತ್ರಿ ನೆಟ್ಟಗಿದ್ದ ಗಾಡಿ ಬೆಳಿಗ್ಗೆ ಹಿಂದೆ ಬಗ್ಗಿದ್ದರೆ ಚೀಲ ಸೋರುತ್ತಿದೆ. ಚೀಲ ಅಗ್ಗ, ಬೇಗ ಹಾಕಿಸಿ. ತಡ ಮಾಡಿದರೆ ಕಂಪ್ರೆಸರ್ ಓಡಿ ಓಡಿ ಸುಟ್ಟುಹೋಗುತ್ತದೆ, ಅದು ಅಗ್ಗವಲ್ಲ.

ಹೆಜ್ಜೆ 6: ಡಿಕ್ಕಿ

ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಗುಂಡಿಯಲ್ಲಿ ಒಣ ಪತ್ರಿಕೆ ಹಾಸಿ, ಮಳೆ ಬಂದ ಮಾರನೇ ದಿನ ತೆಗೆದು ನೋಡಿ. ಒದ್ದೆಯಾಗಿದ್ದರೆ ಯಾವ ಮೂಲೆಯಿಂದ ನೀರು ಇಳಿದಿದೆ ಅಂತ ಕಲೆಯೇ ಹೇಳುತ್ತದೆ. ಸನ್‌ರೂಫ್ ನೀರು ಹೊರಹೋಗುವ ಟ್ಯೂಬ್, ಹಿಂದಿನ ದೀಪದ ರಬ್ಬರ್, ಇವೆರಡನ್ನು ಮೊದಲು ಹುಡುಕಿ. ಹಿಂದಿನ ವೈಪರ್ ಓಡುತ್ತಿಲ್ಲ, ನಂಬರ್ ಪ್ಲೇಟ್ ದೀಪ ಒಮ್ಮೆ ಉಂಟು ಒಮ್ಮೆ ಇಲ್ಲ ಅಂದರೆ ಮೋಟರ್ ಕೊಳ್ಳಲು ಓಡಬೇಡಿ. ಬಾಗಿಲು ಮತ್ತು ಛಾವಣಿ ಸೇರುವಲ್ಲಿನ ರಬ್ಬರ್ ಕೊಳವೆ ಬಿಚ್ಚಿ. ಸಾವಿರಾರು ಸಲ ಬಾಗಿ ಬಾಗಿ ಒಳಗಿನ ವೈರ್ ತುಂಡಾಗಿರುತ್ತದೆ. ಜೋಡಿಸುವಾಗ ಟೇಪ್ ಸುತ್ತಿ ಬಿಡಬೇಡಿ. ಬಳುಕುವ ಸಿಲಿಕೋನ್ ವೈರ್ ಹಾಕಿ, ಜಾಯಿಂಟ್ ಬಾಗುವ ಜಾಗದಿಂದ ದೂರ ಬರಲಿ.

ಹೆಜ್ಜೆ 7: ಟೈರ್

ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಯಾದರೆ ನಾಲ್ಕೂ ಟೈರ್ ಒಂದೇ ಬ್ರ್ಯಾಂಡ್, ಒಂದೇ ಸವೆತ. ಸುಬಾರು ಗಾಡಿಗಳಿಗೆ ಸುತ್ತಳತೆಯ ವ್ಯತ್ಯಾಸ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ಮೀರಬಾರದು. ಮೀರಿದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ, ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ನಡುವಿನ ಡಿಫರೆನ್ಷಿಯಲ್ ನೆಟ್ಟಗಿನ ದಾರಿಯಲ್ಲೂ ದುಡಿಯುತ್ತಲೇ ಇರುತ್ತದೆ. ಪಂಕ್ಚರ್ ಆಯ್ತು ಅಂತ ಒಂದೇ ಹೊಸ ಟೈರ್ ಹಾಕಿಸುವವರು ಇದನ್ನು ಓದಲಿ.

ಹೆಜ್ಜೆ 8: ಇನ್ನು ನಿಮ್ಮಿಷ್ಟ

ಒಂದು ವರ್ಷ ಕಳೆದು ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿದ ಮೇಲೆ ಬೇಕಾದರೆ ಅಗಲದ ಚಕ್ರ ಹಾಕಿ. ಟ್ಯೂನಿಂಗ್ ಬೇಡ ಅಂತಲೇ ನನ್ನ ಮಾತು. ಆದರೂ ಮಾಡಿಸುತ್ತೀರಿ ಅಂತ ಗೊತ್ತು. ಕಡೇಪಕ್ಷ ಮಾಡಿಸುವ ಮೊದಲು ಸಿಲಿಂಡರ್ ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡುವುದು) ಮಾಡಿಸಿ, ಒಂದು ಸಿಲಿಂಡರಾದರೂ ಉಳಿದವಕ್ಕಿಂತ ತುಂಬಾ ಕೆಳಗಿದ್ದರೆ ಆ ದುಡ್ಡು ಎಂಜಿನ್ ಕೆಲಸಕ್ಕೆ ಎತ್ತಿಡಿ. ಡಿಕ್ಕಿಯ ಮೂಲೆಯಲ್ಲಿ ಮೊದಲೇ ಬೆರೆಸಿದ ಕೂಲಂಟ್ ಒಂದು ಲೀಟರ್ ಇಟ್ಟಿರಿ. ಬಾಟಲಿ ಮೇಲೆ ಏನಿದೆ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ನನ್ನ ಭಾವ ಅದನ್ನು ಗ್ಲಾಸ್ ತೊಳೆಯುವ ನೀರು ಅಂದುಕೊಂಡು ವೈಪರ್ ಟ್ಯಾಂಕಿಗೆ ಸುರಿದಿದ್ದರು.