ಹಿಚ್ ಕೊಳ್ಳುವ ಮುಂಚೆ ಟಂಗ್ ವೇಟ್ ತೂಗಿ ನೋಡಿ

ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ವಾಸಿಸಬಹುದಾದ ಟ್ರಾವೆಲ್ ಟ್ರೇಲರ್‌ಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟ್ರೇಲರ್ ಹೊರಿಸುವ ಭಾರವನ್ನು ಗಾಡಿಯ ಮುಂದಿನ ಚಕ್ರಗಳಿಗೂ ಹಂಚುವ ಕೊಂಡಿ) ಆರಿಸುವಾಗ ಬ್ರೋಷರ್‌ನಲ್ಲಿರುವ ಖಾಲಿ ತೂಕವನ್ನು ನಂಬಬೇಡಿ. ನೀರು, ಗ್ಯಾಸ್, ಸಾಮಾನು ಎಲ್ಲ ತುಂಬಿದ ಮೇಲೆ ಹಿಚ್ ಮೇಲೆ ಬೀಳುವ ಭಾರವನ್ನು, ಅಂದರೆ ಟಂಗ್ ವೇಟ್ ಅನ್ನು, ತೂಗಿ. ಎಳೆಯುವ ಗಾಡಿಯಲ್ಲಿ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇಟ್ಟ ಸಾಮಾನಿನ ತೂಕವನ್ನೂ ಅದಕ್ಕೆ ಸೇರಿಸಿ. ಆ ಮೊತ್ತಕ್ಕೆ ಹೊಂದುವ ಸ್ಪ್ರಿಂಗ್ ಬಾರ್, ಅಂದರೆ ಹಿಚ್‌ನಲ್ಲಿ ಭಾರ ಹಂಚುವ ಸರಳು, ಕೊಳ್ಳಿ. ಬಾರ್ ತೀರಾ ಮೆತ್ತಗಿದ್ದರೆ ಮುಂದಿನ ಚಕ್ರಗಳಿಗೆ ಸಾಕಷ್ಟು ಭಾರ ಮರಳುವುದಿಲ್ಲ, ಸ್ಟೀರಿಂಗ್ ಹಗುರಾಗುತ್ತದೆ. ತೀರಾ ಗಡುಸಾದರೆ ಕುಲುಕಾಟ ಜಾಸ್ತಿ, ಟ್ರೇಲರ್ ಚೌಕಟ್ಟಿಗೂ ಪೆಟ್ಟು. ದೊಡ್ಡದೇ ಇರಲಿ ಎಂದು ಸುಮ್ನೆ ಮೇಲಿನ ಸೈಜ್ ತರಬೇಡಿ. ಇನ್ನೊಂದು ಮಾತು: ಭಾರ ಹಂಚುವುದೇ ಬೇರೆ, ಓಲಾಟ ತಡೆಯುವುದೇ ಬೇರೆ. ಸ್ವೇ ಕಂಟ್ರೋಲ್ ಒಳಗೇ ಇರುವ ಹಿಚ್ ಆದರೆ ಒಳ್ಳೆಯದು.

ತುಂಬಿದ ಟ್ರೇಲರ್‌ನ ಒಟ್ಟು ತೂಕದಲ್ಲಿ ಟಂಗ್ ವೇಟ್ 10ರಿಂದ 15 ಶೇಕಡಾ ಇರಬೇಕು. 3,000 ಕಿಲೋ ಟ್ರೇಲರ್‌ಗೆ 300ರಿಂದ 450 ಕಿಲೋ. ಅದಕ್ಕಿಂತ ಕಡಿಮೆ ಇದ್ದರೆ ಎಷ್ಟೇ ದುಬಾರಿ ಹಿಚ್ ಹಾಕಿದರೂ ಓಲಾಟ ನಿಲ್ಲುವುದು ಕಷ್ಟ. ಮೊದಲು ಹಿಂಭಾಗದ ಭಾರವಾದ ಸಾಮಾನನ್ನು ಮುಂದಕ್ಕೆ ತನ್ನಿ. ಗಾಡಿಯ ಎಳೆಯುವ ಮಿತಿಯನ್ನೂ ಈ ಹಿಚ್ ಹೆಚ್ಚಿಸುವುದಿಲ್ಲ. ಟ್ರೇಲರ್‌ಗೆ ಸರ್ಜ್ ಬ್ರೇಕ್ (ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ತಳ್ಳುವ ಒತ್ತಡದಿಂದಲೇ ಹಿಡಿಯುವ ಬ್ರೇಕ್) ಇದ್ದರೆ ಕೆಲವು ಹಿಚ್‌ಗಳು ಹೊಂದುವುದೇ ಇಲ್ಲ, ತಯಾರಕರ ಕೈಪಿಡಿ ನೋಡಿಯೇ ಕೊಳ್ಳಿ.