ಮಳೆಗಾಲಕ್ಕೆ ಕಪ್, ಬೇಸಿಗೆಗೆ ಬಟ್ಟೆ

ಮುಟ್ಟಿನ ದಿನಗಳಿಗೆ ತೊಳೆದು ಮತ್ತೆ ಬಳಸುವ ಪ್ಯಾಡ್ ಕೊಳ್ಳಬೇಕೆಂದು ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ವಿಚಾರಿಸುವುದು ಅವರು ಬಟ್ಟೆ ಒಣಗಿಸುವ ಜಾಗವನ್ನು. ಬೆಲೆ, ಬಣ್ಣ, ಕಂಪನಿ ಎಲ್ಲ ಆಮೇಲಿನ ಮಾತು. ಬಟ್ಟೆ ಪ್ಯಾಡಿಗೆ ತೊಳೆಯಲು ಧಾರಾಳ ನೀರು ಬೇಕು, ಒಣಗಿಸಲು ಚುರುಕು ಬಿಸಿಲು ಬೇಕು. ನನ್ನ ತವರು ಅರಸೀಕೆರೆ ಕಡೆ. ಅಲ್ಲಿ ಬಿಸಿಲಿಗೆ ಬರವಿಲ್ಲ, ನೀರಿಗೆ ಇದೆ. ಮದುವೆಯಾಗಿ ಬಂದದ್ದು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದ ಮನೆಗೆ. ಇಲ್ಲಿ ಆರಿದ್ರಾದಲ್ಲಿ ಹಿಡಿದ ಮಳೆ ಆಶ್ಲೇಷಾ ಕಳೆದರೂ ಬಿಡದ ವರ್ಷಗಳಿವೆ. ತಂತಿಯ ಮೇಲೆ ಹರವಿದ ಸೀರೆಗೇ ಬೂಷ್ಟು ಹಿಡಿಯುವಾಗ ಪದರ ಪದರವಾಗಿ ಹೊಲಿದ ಪ್ಯಾಡಿನ ಪಾಡು ಕೇಳಬೇಡಿ. ಎರಡೂ ಕಡೆ ಬಾಳಿದ ಮೇಲೆ ನಾನು ಕಂಡುಕೊಂಡ ಏರ್ಪಾಡು ಹೀಗಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಿನ ಕಪ್ (ಯೋನಿಯೊಳಗೆ ಕೂತು ರಕ್ತ ಹಿಡಿದಿಡುವ ಮೆತ್ತನೆಯ ಸಣ್ಣ ಬಟ್ಟಲು), ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಬಟ್ಟೆ ಪ್ಯಾಡ್, ನಡುವಿನ ತಿಂಗಳುಗಳಲ್ಲಿ ಆಕಾಶ ನೋಡಿ ತೀರ್ಮಾನ.

ಅಂಗಡಿಯ ಪ್ಯಾಡು ಬಿಟ್ಟದ್ದು ಪರಿಸರ ಪ್ರೇಮದಿಂದ ಎಂದರೆ ಸುಳ್ಳಾಗುತ್ತದೆ. ಬಳಸಿದ್ದನ್ನು ಎಲ್ಲಿ ಹಾಕುವುದು ಎಂಬ ತಲೆನೋವೇ ಕಾರಣ. ಪೇಟೆಯ ಬೀದಿಗೆ ಕಸದ ಗಾಡಿ ಬರುತ್ತದೆ, ತೋಟದ ಮನೆಗೆ ಬರುವುದಿಲ್ಲ. ಮಳೆಗಾಲದಲ್ಲಿ ಸುಡಲು ಹೋದರೆ ಒಳಗಿನ ಜೆಲ್ ನೀರು ಕುಡಿದು ಉಬ್ಬಿರುತ್ತದೆ. ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಹೂಳಿದರೆ ನಾಯಿ ಕೆದರುತ್ತದೆ. ಕಕ್ಕಸಿಗೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ. ಹಳ್ಳಕ್ಕೆ ಎಸೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯ ಬಳಿ. ಇಲ್ಲಿ ಹಳ್ಳಕ್ಕೆ ಬಿಟ್ಟದ್ದು ಗೊರೂರಿನ ಅಣೆಕಟ್ಟೆಯ ದಾರಿ ಹಿಡಿಯುತ್ತದೆ. ಬಳಸಿದ ಪ್ಯಾಡನ್ನು ಭದ್ರವಾಗಿ ಸುತ್ತಿ ಒಣಕಸದ ಡಬ್ಬಿಗೆ ಹಾಕಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲಿ ಬರೆದಿತ್ತು. ಸುತ್ತಿಟ್ಟದ್ದನ್ನು ಒಯ್ಯಲು ಯಾರಾದರೂ ಬರಬೇಕಲ್ಲ? 2018ರ ಜುಲೈನಲ್ಲಿ ಪ್ಯಾಡಿನ ಮೇಲಿನ ಜಿಎಸ್‌ಟಿ ತೆಗೆದಾಗ ಕೊಳ್ಳುವ ಹೊರೆ ತುಸು ಇಳಿಯಿತು, ಎಸೆಯುವ ಹೊರೆ ಹಾಗೆಯೇ ಉಳಿಯಿತು.

ಬಟ್ಟೆ ಎಂದೊಡನೆ ಅಮ್ಮಂದಿರ ಕಾಲದ ಹಳೆ ಸೀರೆಯ ತುಂಡು ನೆನಪಾಗಿ ಮುಖ ಕಿವುಚುವವರಿದ್ದಾರೆ. ಹತ್ತಿ ಸೀರೆಯ ತುಂಡು ಚೆನ್ನಾಗಿಯೇ ಹೀರುತ್ತಿತ್ತು. ಕೆಡಿಸಿದ್ದು ಒಂದು ಪಾಲಿಯೆಸ್ಟರ್, ಇನ್ನೊಂದು ನಾಚಿಕೆ. ಯಾರ ಕಣ್ಣಿಗೂ ಬೀಳಬಾರದೆಂದು ಕೊಟ್ಟಿಗೆಯ ಮೂಲೆಯಲ್ಲಿ, ಲಂಗದ ಅಡಿಯಲ್ಲಿ ಒಣಹಾಕುತ್ತಿದ್ದರು. ಅಂಗಳದ ತುಂಬ ಅರಸೀಕೆರೆಯ ಬಿಸಿಲು ಬಿದ್ದಿದ್ದರೂ ಆ ತುಂಡಿಗೆ ಮಾತ್ರ ಸಿಗುತ್ತಿರಲಿಲ್ಲ.

ಈಗಿನ ಬಟ್ಟೆ ಪ್ಯಾಡಿನಲ್ಲಿ ಮೈಗೆ ತಾಗುವ ಕಡೆ ಹತ್ತಿ, ನಡುವೆ ಹೀರುವ ಪದರಗಳು, ಅಡಿಯಲ್ಲಿ ನೀರು ಇಳಿಯದ ತೆಳು ಹಾಳೆ, ಒಳಉಡುಪಿಗೆ ಸುತ್ತಿ ಗುಂಡಿ ಹಾಕಲು ಎರಡು ರೆಕ್ಕೆ ಇರುತ್ತವೆ. ಎಲ್ಲ ಪದರಗಳನ್ನೂ ಒಟ್ಟಿಗೆ ಹೊಲಿದ ದಪ್ಪನೆಯದು ಅಂಗಡಿಯಲ್ಲಿ ನೋಡಲು ಚೆಂದ, ಆದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇಟ್ಟುಕೊಂಡಿರುತ್ತದೆ. ಬಿಚ್ಚಿದರೆ ಒಂದೇ ಪದರವಾಗಿ ಹರಡಿಕೊಳ್ಳುವ, ಬಳಸುವಾಗ ಮಡಚಿಕೊಳ್ಳುವ ಬಗೆಯದು ಬೇಗ ಒಣಗುತ್ತದೆ. ನಾನು ಅದನ್ನೇ ಕೊಳ್ಳುತ್ತೇನೆ. ಭಾರತೀಯ ಮಾನಕ ಬ್ಯೂರೋ ಮರುಬಳಕೆಯ ಪ್ಯಾಡುಗಳಿಗೆಂದೇ 2021ರಲ್ಲಿ ಐಎಸ್ 17514 ಎಂಬ ಮಾನದಂಡ ತಂದಿದೆ. ಪೊಟ್ಟಣದ ಮೇಲೆ ಆ ಸಂಖ್ಯೆ ಇದೆಯೇ ಎಂದು ನೋಡುವುದು ಒಳ್ಳೆಯದು.

ಒಗೆಯುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಮೊದಲು ತಣ್ಣೀರಿನಲ್ಲಿ ನೆನೆಹಾಕಬೇಕು. ಬಿಸಿನೀರು ಸುರಿದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಂಡು ಕಲೆ ಉಳಿಯುತ್ತದೆ. ಬ್ಲೀಚಿಂಗ್ ಪುಡಿ ಬೇಡ. ಬಟ್ಟೆಗೆ ಪರಿಮಳ, ಮೃದುತನ ತರುವ ದ್ರಾವಣವೂ ಬೇಡ, ಅದು ನೂಲಿನ ಮೇಲೆ ಪದರ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ. ಹೊಸ ಪ್ಯಾಡು ಮೊದಲ ಕೆಲವು ಒಗೆತದವರೆಗೆ ಸರಿಯಾಗಿ ಹೀರದು, ಅಷ್ಟಕ್ಕೇ ಬೈದು ಮೂಲೆಗೆ ಎಸೆಯಬಾರದು. ತವರಿನ ಬೋರ್‌ವೆಲ್ ನೀರು ಗಡಸು. ಸೋಪಿನ ಜಿಡ್ಡು ಉಳಿದು ಬಟ್ಟೆ ಬಿರುಸಾಗಿ ತೊಡೆ ಉಜ್ಜುತ್ತದೆ. ಅಲ್ಲಿಗೆ ಹೋದಾಗ ಸೋಪು ಕಡಿಮೆ ಹಾಕಿ, ಜಾಲಾಡುವುದಕ್ಕೆ ನೀರು ಉಳಿಸಿಕೊಳ್ಳುತ್ತೇನೆ.

ಮಲೆನಾಡಿನ ಮಳೆಗಾಲದಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ ಹಿಡಿಯುತ್ತದೆ, ಅಡಿಯ ಹಾಳೆ ಶಾಖಕ್ಕೆ ಬಿರುಕು ಬಿಡುತ್ತದೆ. ಇಸ್ತ್ರಿ ಹಾಕೋಣವೆಂದರೆ ಕರೆಂಟು ಇರಬೇಕು, ಇದ್ದರೂ ಆ ಹಾಳೆ ಕಾವು ತಾಳುವುದಿಲ್ಲ. ಅರೆ ಒಣಗಿದ ಪ್ಯಾಡು ಹಾಕಿಕೊಂಡು ತೋಟ ಸುತ್ತಿದರೆ ತೊಡೆಸಂದಿಯಲ್ಲಿ ತುರಿಕೆ ಏಳುತ್ತದೆ. ಇನ್ನು ಹೊರಗೆ ಬದಲಾಯಿಸುವ ಮಾತು: ಕಾಫಿ ಗಿಡದ ಮರೆಯಲ್ಲಿ ಒಂದು ನಿಮಿಷ ಕೂರಲೂ ಇಂಬಳ ಬಿಡಬೇಕಲ್ಲ!

ಕಪ್‌ಗೆ ಬಿಸಿಲು ಬೇಡ, ಹೆಚ್ಚು ನೀರೂ ಬೇಡ. ಮೆಡಿಕಲ್ ಗ್ರೇಡ್ ಸಿಲಿಕೋನಿನ ಕಪ್ಪನ್ನು ಗರಿಷ್ಠ 12 ಗಂಟೆ ಒಳಗೆ ಇಟ್ಟುಕೊಳ್ಳಬಹುದು. ಬೆಳಿಗ್ಗೆ ಹಾಕಿಕೊಂಡರೆ ಸಂಜೆ ಮನೆಗೆ ಬಂದು ತೆಗೆದರಾಯಿತು. ಚಾರ್ಮಾಡಿ ಘಾಟಿ ಇಳಿದರೆ ಸಿಗುವ ದಕ್ಷಿಣ ಕನ್ನಡದಲ್ಲಿಯೂ ಚಾಮರಾಜನಗರದಲ್ಲಿಯೂ ರಾಜ್ಯ ಸರಕಾರ ವಿದ್ಯಾರ್ಥಿನಿಯರಿಗೆ ಕಪ್ ಹಂಚುವ ಪ್ರಯೋಗ ಆರಂಭಿಸಿದ ಮೇಲೆ ನಮ್ಮ ಕಡೆಯೂ ಇದರ ಮಾತು ಕೇಳಿಬಂತು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ ಹಲವು ದೇಶಗಳ 43 ಅಧ್ಯಯನಗಳ ಪರಾಮರ್ಶೆ ಪ್ರಕಟಿಸಿತ್ತು; ಸೋರಿಕೆಯಲ್ಲಿ ಕಪ್ ಬೇರೆ ಸಾಧನಗಳಷ್ಟೇ ಅಥವಾ ಅವಕ್ಕಿಂತ ವಾಸಿ ಎಂದೂ, ಕಲಿಯಲು ಕೆಲವು ತಿಂಗಳು ಬೇಕೆಂದೂ ಅದರಲ್ಲಿತ್ತು. ಎರಡೂ ನನ್ನ ಮಟ್ಟಿಗೆ ನಿಜವಾಗಿವೆ.

ಆಯ್ಕೆಗೆ ಎಲ್ಲರೂ ಹೇಳುವ ನಿಯಮ ಒಂದಿದೆ: ಹೆರಿಗೆಯಾಗದವರಿಗೆ ಚಿಕ್ಕದು, ಆದವರಿಗೆ ದೊಡ್ಡದು. ನನಗೆ ಆ ನಿಯಮದ ಮೇಲೆ ಅಷ್ಟೇನೂ ಭಕ್ತಿಯಿಲ್ಲ. ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯ. ಮುಟ್ಟಿನ ದಿನಗಳಲ್ಲಿ ಅದು ತುಸು ಕೆಳಗಿರುವುದರಿಂದ ಆಗಲೇ ನೋಡಿಕೊಳ್ಳಬೇಕು. ಉಗುರು ಕತ್ತರಿಸಿ, ಕೈ ತೊಳೆದು, ಕುಕ್ಕುರುಗಾಲಿನಲ್ಲಿ ಕೂತು ನಡುಬೆರಳನ್ನು ಒಳಗೆ ಬಿಟ್ಟರೆ ಮೂಗಿನ ತುದಿಯಷ್ಟು ಗಟ್ಟಿಯಾದ ಭಾಗ ತಾಗುತ್ತದೆ. ಬೆರಳಿನ ಮೊದಲ ಗೆಣ್ಣಿನ ಆಸುಪಾಸಿನಲ್ಲೇ ತಾಗಿದರೆ ಗಿಡ್ಡ ಕಪ್ ಬೇಕು, ಇಡೀ ಬೆರಳು ಹೋದರೂ ತಾಗದಿದ್ದರೆ ಉದ್ದನೆಯದು. ನನಗೆ ಎರಡು ಹೆರಿಗೆಯಾಗಿದೆ, ನಿಯಮದ ಪ್ರಕಾರ ದೊಡ್ಡದೇ ಬೇಕಿತ್ತು. ಹೊಂದಿದ್ದು ಮಧ್ಯಮ ಗಾತ್ರದ ಗಿಡ್ಡ ಕಪ್. ತೀರ ಮೆತ್ತಗಿನ ಕಪ್ ಒಳಗೆ ಅರಳುವುದಿಲ್ಲ, ತೀರ ಬಿರುಸಿನದು ಮೂತ್ರಕೋಶವನ್ನು ಒತ್ತಿ ಪದೇ ಪದೇ ಬಚ್ಚಲಿಗೆ ಓಡಿಸುತ್ತದೆ.

ಪೊಟ್ಟಣದ ಚಿತ್ರಗಳಲ್ಲಿ ಮಡಚುವ ನಾನಾ ಬಗೆ ಇರುತ್ತವೆ. ನನಗೆ ಒಗ್ಗಿದ್ದು ಅಂಚಿನ ಒಂದು ಬದಿಯನ್ನು ಬೆರಳಿನಿಂದ ಒಳಕ್ಕೆ ಅದುಮುವ ಕ್ರಮ. ತುದಿ ಸಣ್ಣದಾಗಿ ಸಲೀಸಾಗಿ ಹೋಗುತ್ತದೆ. ನೇರ ಮೇಲಕ್ಕೆ ದೂಡಬಾರದು, ಬೆನ್ನುಮೂಳೆಯ ಬುಡದ ಕಡೆಗೆ ಓರೆಯಾಗಿ ಕಳಿಸಬೇಕು. ಕೊಬ್ಬರಿ ಎಣ್ಣೆ ಸವರಲೇ ಎಂದು ನಾದಿನಿ ಕೇಳಿದ್ದಳು. ನೀರಿನಲ್ಲಿ ಒದ್ದೆ ಮಾಡಿಕೊಂಡರೆ ಸಾಕು. ಒಳಗೆ ಹೋದ ಮೇಲೆ ಕಪ್ಪಿನ ಸುತ್ತ ಒಮ್ಮೆ ಬೆರಳಾಡಿಸಬೇಕು. ಎಲ್ಲಾದರೂ ಮಡಿಕೆ ಸಿಕ್ಕಿದರೆ ಅದು ಅರಳಿಲ್ಲ, ಬುಡ ಹಿಡಿದು ತುಸು ತಿರುಗಿಸಬೇಕು. ಸೋರುವುದು ಬಹುಪಾಲು ಈ ಮಡಿಕೆಯಿಂದಲೇ.

ಹೊಸಬರಿಗೆ ಭಯವಿರುವುದು ತೆಗೆಯುವಾಗ. ಕಪ್ ಒಳಗೆಲ್ಲೋ ಕಳೆದುಹೋಗಲು ದಾರಿಯೇ ಇಲ್ಲ, ಮೇಲೆ ಗರ್ಭಕಂಠ ಅಡ್ಡವಿದೆ. ಆದರೆ ಕಪ್ಪಿನ ಬುಡದಲ್ಲಿರುವ ಬಾಲ ಹಿಡಿದು ಎಳೆಯುವುದು ತಪ್ಪು. ಕೂತು ಮುಕ್ಕಿದರೆ ಕಪ್ಪಿನ ಬುಡ ಕೈಗೆ ಸಿಗುತ್ತದೆ. ಅದನ್ನು ಹಿಚುಕಿ ಒಳಗೆ ಗಾಳಿ ಹೋಗಲು ಬಿಟ್ಟು, ಅತ್ತಿತ್ತ ಅಲುಗಿಸುತ್ತ ಇಳಿಸಬೇಕು. ನಮ್ಮ ಕುಕ್ಕುರುಗಾಲಿನಲ್ಲಿ ಕೂರುವ ಕಕ್ಕಸು ಇದಕ್ಕೆ ಹೇಳಿಮಾಡಿಸಿದ್ದು. ಚೆಲ್ಲಿ, ನೀರಿನಲ್ಲಿ ತೊಳೆದು, ಮತ್ತೆ ಹಾಕಿಕೊಳ್ಳುವುದು. ಅಂಚಿನ ಕೆಳಗಿನ ಸಣ್ಣ ತೂತುಗಳಲ್ಲಿ ಕಸರು ಕೂರುತ್ತದೆ. ಕಪ್ ತುಂಬ ನೀರು ತುಂಬಿ ಅಂಗೈಯಿಂದ ಮುಚ್ಚಿ ಹಿಚುಕಿದರೆ ತೂತುಗಳಿಂದ ನೀರು ಚಿಮ್ಮಿ ಅದೂ ಹೋಗುತ್ತದೆ.

ಪ್ರತಿ ಮುಟ್ಟಿಗೆ ಮೊದಲು ಮತ್ತು ನಂತರ ಐದರಿಂದ ಹತ್ತು ನಿಮಿಷ ಕುದಿಸಬೇಕು. ನಮ್ಮ ಮನೆಯಲ್ಲಿ ಜಟಿಲವಾದದ್ದು ಇದೇ. “ಅಡುಗೆ ಒಲೆಯ ಮೇಲೆ ಅದು ಬೇಡ ಕಣೇ, ಬೇಕಾದರೆ ಬಚ್ಚಲೊಲೆಯಲ್ಲಿ ಮಾಡಿಕೋ” ಎಂದರು ಅತ್ತೆ. “ಆಗಲಿ ಅತ್ತೆ” ಎಂದೆ. ವಾದಿಸಿ ಗೆಲ್ಲುವಷ್ಟು ದೊಡ್ಡ ವಿಷಯವಾಗಿ ಅದು ನನಗೆ ಕಾಣಲಿಲ್ಲ. ಹಂಡೆಯ ಪಕ್ಕದಲ್ಲಿ ಸಣ್ಣ ಸ್ಟೀಲ್ ಪಾತ್ರೆ ಇಟ್ಟು ಕುದಿಸುತ್ತೇನೆ, ಕಪ್ ತಳಕ್ಕೆ ಅಂಟದಷ್ಟು ನೀರು ಹಾಕಿ ಅಲ್ಲೇ ನಿಂತಿರುತ್ತೇನೆ. ಆರಿದ ಮೇಲೆ ಹತ್ತಿ ಚೀಲದಲ್ಲಿಡಬೇಕು. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಈ ಊರಿನ ತೇವಕ್ಕೆ ವಾಸನೆ ಬರುತ್ತದೆ.

ಕಪ್ಪಿನಿಂದ ಸಿಕ್ಕಿದ, ನಾನು ನಿರೀಕ್ಷಿಸದ ಲಾಭವೊಂದಿದೆ. ಅದರ ಮೈಮೇಲೆ ಮಿಲಿಲೀಟರ್ ಗೆರೆಗಳಿರುತ್ತವೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 40 ಮಿಲಿಲೀಟರ್ ರಕ್ತ, 80 ದಾಟಿದರೆ ಅತಿಸ್ರಾವ ಎನ್ನುತ್ತಾರೆ ವೈದ್ಯರು. ನಾದಿನಿ ಬಹುಕಾಲದಿಂದ “ಎಲ್ಲರಿಗೂ ಹೀಗೇ ಇರುತ್ತದೆ ಅತ್ತಿಗೆ” ಎನ್ನುತ್ತಿದ್ದವಳು, ಪ್ರತಿ ಸಲ ಚೆಲ್ಲುವಾಗ ಗೆರೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯತೊಡಗಿದಳು. ಒಟ್ಟು ನೂರು ದಾಟಿತ್ತು. ಆ ಲೆಕ್ಕ ಹಿಡಿದು ಹಾಸನಕ್ಕೆ ಹೋದರೆ ಡಾಕ್ಟರು ಕೂಡಲೇ ಸ್ಕ್ಯಾನಿಂಗ್ ಬರೆದರು. ಗರ್ಭಕೋಶದಲ್ಲಿ ಗಡ್ಡೆ ಇತ್ತು, ಹಿಮೋಗ್ಲೋಬಿನ್ ಕುಸಿದಿತ್ತು. “ತುಂಬಾ ಹೋಗುತ್ತದೆ” ಎಂಬ ಮಾತಿಗಿಂತ ಅಂಕಿಗೆ ಬೆಲೆ ಹೆಚ್ಚು.

ಎಲ್ಲರಿಗೂ ಕಪ್ ಎಂದು ನಾನು ಹೇಳುವುದಿಲ್ಲ. ವಂಕಿ (ಗರ್ಭ ನಿಲ್ಲದಂತೆ ಗರ್ಭಕೋಶದಲ್ಲಿಡುವ ಕಾಪರ್-ಟಿಯಂಥದ್ದು) ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಬಳಸಬಾರದು, ತೆಗೆಯುವಾಗ ಅದೂ ಜರುಗಬಹುದು. ಬಾಣಂತಿಯರು ಕಾಯಬೇಕು, ಗರ್ಭಕೋಶ ಜಾರಿರುವವರೂ ವಿಚಾರಿಸಬೇಕು. ಕಪ್ ಹಾಕಿಕೊಂಡಿರುವಾಗ ಒಮ್ಮೆಲೇ ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು ಬಂದರೆ ತಕ್ಷಣ ತೆಗೆದು ಆಸ್ಪತ್ರೆಗೆ ಹೋಗಬೇಕು. ಬಲು ಅಪರೂಪ, ಆದರೆ ಗೊತ್ತಿರಲಿ. ತೋಟದ ಕೆಲಸದವರಿರುವ ಲೈನ್ ಮನೆಯ ಹೆಂಗಸರು ಕೇಳಿದಾಗಲೂ ಮೊದಲು ಕೈ ತೊಳೆಯುವ ಜಾಗ, ಚಿಲಕವಿರುವ ಬಚ್ಚಲು ಇವೆಯೇ ಎಂದು ನೋಡುತ್ತೇನೆ. ಇವಿಲ್ಲದೆ ಕಪ್ ಕೊಟ್ಟರೆ ಉಪಕಾರವಲ್ಲ. ಹಾಸನದ ಹಾಸ್ಟೆಲಿನಲ್ಲಿ ಓದುವ ಮಗಳಿಗೆ ಕಪ್ ಇಷ್ಟವಿಲ್ಲ, ಅಲ್ಲಿ ಪ್ಯಾಡು ಒಣಗಿಸಲು ಜಾಗವಿಲ್ಲ. ಹಾಸ್ಟೆಲಿನಲ್ಲಿ ಅಂಗಡಿಯದು, ರಜೆಯಲ್ಲಿ ಮನೆಗೆ ಬಂದಾಗ ಬಟ್ಟೆಯದು ಬಳಸುತ್ತಾಳೆ. ಕಪ್ಪಿನಿಂದ ಕನ್ಯತ್ವ ಹೋಗುತ್ತದೆ ಎಂದು ಅವಳ ಗೆಳತಿಯರಲ್ಲಿ ಮಾತಾಗಿತ್ತಂತೆ. ಯೋನಿದ್ವಾರದ ಪೊರೆ ಹಿಗ್ಗಬಹುದು, ಅದಕ್ಕೂ ಕನ್ಯತ್ವಕ್ಕೂ ಸಂಬಂಧವಿಲ್ಲ ಎಂದು ಹೇಳಿ ಸುಮ್ಮನಾದೆ.

ಮೇ ಕೊನೆಯಲ್ಲಿ ಬಟ್ಟೆ ಪ್ಯಾಡುಗಳನ್ನು ಎರಡು ದಿನ ಗಟ್ಟಿ ಬಿಸಿಲಿಗೆ ಹಾಕಿ ತಗಡಿನ ಪೆಟ್ಟಿಗೆಗೆ ಸೇರಿಸುತ್ತೇನೆ. ಕಪ್ಪನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಹತ್ತು ವರ್ಷ ಬಾಳುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಬಣ್ಣ ಮಾಸಿದ್ದರೆ ಚಿಂತೆಯಿಲ್ಲ, ಮೈ ಅಂಟಂಟಾಗಿದ್ದರೆ, ಸೀಳು ಕಂಡರೆ, ಕುದಿಸಿದರೂ ವಾಸನೆ ಉಳಿದರೆ ಆ ವರ್ಷ ಹೊಸದು ತರುತ್ತೇನೆ.