ತೋರಾ ಸುರುಳಿಯಲ್ಲಿ ಓದುವ ಭಾಗವನ್ನು ಹುಡುಕುವುದು ಹೇಗೆ?

ತೋರಾ ಎಂದರೆ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂಬ ಐದು ಕಾಂಡಗಳ ಹೀಬ್ರೂ ಧರ್ಮಗ್ರಂಥ. ಯಹೂದಿಯರು ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಓದುವ ತೋರಾ ಸುರುಳಿಯಲ್ಲಿ ಪುಟಸಂಖ್ಯೆ, ಅಧ್ಯಾಯ, ವಚನಸಂಖ್ಯೆ, ಶೀರ್ಷಿಕೆ, ಸ್ವರಚಿಹ್ನೆ ಯಾವುದೂ ಇರುವುದಿಲ್ಲ. ಸಾಂಪ್ರದಾಯಿಕ ಲೆಕ್ಕದ 3,04,805 ಅಕ್ಷರಗಳು ಚರ್ಮದ ಹಾಳೆಗಳ ಮೇಲೆ ಅಂಕಣ ಅಂಕಣವಾಗಿ ಬಲದಿಂದ ಎಡಕ್ಕೆ ಸಾಗುತ್ತವೆ. ಇವುಗಳ ನಡುವೆ ವಾರದ ಪಾಠವನ್ನು ಹುಡುಕುವವರು ಅಕ್ಷರಗಳಿಗಿಂತ ಮೊದಲು ಖಾಲಿ ಜಾಗವನ್ನು ಓದಲು ಕಲಿಯಬೇಕು.

ಆರಂಭದಲ್ಲಿ ಸುರುಳಿಯನ್ನು ಸುತ್ತಿರುವ ಎರಡು ಕೋಲುಗಳ ಸುತ್ತುಗಳ ದಪ್ಪವನ್ನು ನೋಡಿರಿ. ಬಲಗಡೆಯದು ತೆಳ್ಳಗಿದ್ದರೆ ಅದು ಆದಿಕಾಂಡ, ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ಯಾಜಕಕಾಂಡ, ಎಡಗಡೆಯದು ತೆಳ್ಳಗಿದ್ದರೆ ಧರ್ಮೋಪದೇಶಕಾಂಡ. ಒಂದು ಕಾಂಡ ಮುಗಿದು ಇನ್ನೊಂದು ತೊಡಗುವಲ್ಲಿ ನಾಲ್ಕು ಸಾಲುಗಳಷ್ಟು ಜಾಗ ಖಾಲಿ ಇರುತ್ತದೆ.

ಅನಂತರ ‘ತಿಕ್ಕೂನ್’ ಎಂಬ ಅಭ್ಯಾಸ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಡಿರಿ. ಅದರಲ್ಲಿ ಸ್ವರ ಮತ್ತು ರಾಗದ ಚಿಹ್ನೆಗಳಿರುವ ಪಠ್ಯವೂ ಸುರುಳಿಯಲ್ಲಿರುವಂತಹ ಬರಿಯ ಪಠ್ಯವೂ ಅಕ್ಕಪಕ್ಕದಲ್ಲಿರುತ್ತವೆ. ಅಲ್ಲಿ ನಿಮ್ಮ ಪಾಠ ತೊಡಗುವ ಅಂಕಣದ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಸಾಲಿನ ಉಳಿದ ಭಾಗವನ್ನು ಖಾಲಿ ಬಿಟ್ಟು ಹೊಸ ಸಾಲಿನಿಂದ ತೊಡಗುವ ವಿಭಾಗಕ್ಕೆ ‘ಪೆತುಖಾ’, ಅದೇ ಸಾಲಿನ ನಡುವೆ ಸುಮಾರು ಒಂಬತ್ತು ಅಕ್ಷರಗಳಷ್ಟು ತೆರಪು ಬಿಟ್ಟು ಮುಂದುವರಿಯುವ ವಿಭಾಗಕ್ಕೆ ‘ಸೆತುಮಾ’ ಎಂದು ಹೆಸರು. ಅಂಕಣದ ಮೊದಲ ಅಕ್ಷರವನ್ನು ಮಾತ್ರ ನಂಬಬೇಡಿ. ಇಂದು ಸಾಮಾನ್ಯವಾಗಿರುವ 42 ಸಾಲು, 245 ಅಂಕಣಗಳ ಸುರುಳಿಯಲ್ಲಿ ಬಹುತೇಕ ಅಂಕಣಗಳು ‘ವಾವ್’ ಅಕ್ಷರದಿಂದಲೇ ತೊಡಗುತ್ತವೆ.

ದೂರದಿಂದಲೇ ಕಾಣುವ ಗುರುತುಗಳೂ ಉಂಟು. ಇಸ್ರಾಯೇಲರು ಸಮುದ್ರ ದಾಟಿದ ಮೇಲೆ ಹಾಡಿದ, ವಿಮೋಚನಕಾಂಡದ ಸಮುದ್ರಗೀತೆಯನ್ನು ಗೋಡೆಯ ಇಟ್ಟಿಗೆಗಳನ್ನು ಜೋಡಿಸಿದಂತೆ 30 ಸಾಲುಗಳಲ್ಲಿ ಬರೆಯುತ್ತಾರೆ. ಅದು ಸಿಕ್ಕಿತೆಂದರೆ ಹತ್ತು ಆಜ್ಞೆಗಳು ಎಡಕ್ಕೆ ಕೆಲವೇ ಅಂಕಣಗಳ ಆಚೆ ಸಿಗುತ್ತವೆ. ಧರ್ಮೋಪದೇಶಕಾಂಡದ ಕೊನೆಯ ಕಡೆಯಲ್ಲಿ ಇಸ್ರಾಯೇಲರ ನಾಯಕ ಮೋಶೆಯ ಹಾಡು ಎರಡು ಕಂಬಗಳಂತೆ ನಿಂತಿರುತ್ತದೆ. ಅರಣ್ಯಕಾಂಡದಲ್ಲಿ ಎರಡು ವಚನಗಳ ಆಚೀಚೆ ತಲೆಕೆಳಗಾದ ‘ನೂನ್’ ಅಕ್ಷರಗಳಿರುತ್ತವೆ.

ಕಲಿಯುವವರು ಹೆಚ್ಚು ಎಡವುವುದು ಒಂದೇ ಮಾತು ಮತ್ತೆ ಮತ್ತೆ ಬರುವಲ್ಲಿ. ಹತ್ತು ಆಜ್ಞೆಗಳು ಎರಡು ಕಡೆ ಇವೆ. ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ಆಜ್ಞೆ ‘ಜಾಖೋರ್’ (ನೆನಪಿಡು) ಎಂದು ತೊಡಗಿದರೆ ವಿಮೋಚನಕಾಂಡ, ‘ಶಾಮೋರ್’ (ಆಚರಿಸು) ಎಂದು ತೊಡಗಿದರೆ ಧರ್ಮೋಪದೇಶಕಾಂಡ. ಹನುಕ್ಕಾ ಹಬ್ಬದಲ್ಲಿ ಓದುವ ಅರಣ್ಯಕಾಂಡದ ಭಾಗದಲ್ಲಿ ಹನ್ನೆರಡು ಕುಲಾಧಿಪತಿಗಳ ಕಾಣಿಕೆಯ ಪಟ್ಟಿ ಹೆಚ್ಚುಕಡಿಮೆ ಒಂದೇ ಮಾತುಗಳಲ್ಲಿ ಹನ್ನೆರಡು ಸಲ ಬರುವುದರಿಂದ, ಎಷ್ಟನೆಯ ದಿನ, ಯಾವ ಅಧಿಪತಿ ಎಂಬೆರಡನ್ನೂ ಓದಿ ನೋಡದೆ ಬೆರಳಿಡುವಂತಿಲ್ಲ.

ಬೆರಳಿಡುವುದು ಎಂದದ್ದು ಮಾತಿಗೆ. ಚರ್ಮವನ್ನು ಬರಿಗೈಯಿಂದ ಮುಟ್ಟುವಂತಿಲ್ಲ. ಕೈಯ ಆಕಾರದ ಸೂಚಿಯಾದ ‘ಯಾದ್’ನಿಂದ ಸಾಲನ್ನು ತೋರಿಸಬೇಕು, ಕೋಲುಗಳನ್ನು ಹಿಡಿದೇ ಸುರುಳಿಯನ್ನು ಸುತ್ತಬೇಕು. ಇದನ್ನೆಲ್ಲ ಪ್ರಾರ್ಥನೆಗೆ ಮೊದಲೇ ಮುಗಿಸಿಡುವುದು ಒಳ್ಳೆಯದು. ಸೇರಿದ ಜನರನ್ನು ಕಾಯಿಸಬಾರದೆಂಬುದು ಅಲ್ಲಿ ಎಷ್ಟು ಮುಖ್ಯವೆಂದರೆ, ಎರಡು ಬೇರೆ ಬೇರೆ ಕಡೆಯಿಂದ ಓದಬೇಕಾದ ಹಬ್ಬದ ದಿನಗಳಿಗೆ ಎರಡು ಸುರುಳಿಗಳನ್ನೇ ಅಣಿಮಾಡಿಡುತ್ತಾರೆ. ಪಾಠದ ಅಂಕಣ ನಡುವೆ ಬರುವಂತೆ ಎರಡೂ ಸುತ್ತುಗಳನ್ನು ಒತ್ತಟ್ಟಿಗೆ ತಂದು, ಪಟ್ಟಿ ಬಿಗಿದು, ಮೇಲುಹೊದಿಕೆ ಹಾಕಿಡಿರಿ.